ನಾನು ಒತ್ತಿದ ಗುಂಡಿ

1985 ಮೇ 7, ಮಂಗಳವಾರ. ವಲೆಟ್ಟಾ, ಮಾಲ್ಟಾ.

ಗಂಟೆಯ ಗುಂಡಿಯನ್ನು ನಾನೇಕೆ ಒತ್ತಿದೆ? ರಾತ್ರಿಯ ಊಟವೂ ಸೇರಲಿಲ್ಲ.

ನಮ್ಮ ಸೆನ್ಸಾರ್ ಮಂಡಳಿಯಲ್ಲಿ ಆಕ್ಷೇಪವಿದ್ದವರು ಕುರ್ಚಿಯ ಪಕ್ಕದ ಗುಂಡಿ ಒತ್ತಬೇಕು. ಮೂವರು ಒತ್ತಿದರೆ ಚಿತ್ರ ನಿಷೇಧ. ಇಂದಿನ ಇಟಾಲಿಯನ್ ಚಿತ್ರದಲ್ಲಿ ಹೊಡೆಯುವ ಗಂಡನನ್ನು ಬಿಟ್ಟ ಹೆಂಗಸು ಇನ್ನೊಬ್ಬನ ಜೊತೆ ಬಾಳುತ್ತಾಳೆ. ಥೇಟ್ ನನ್ನ ತಂಗಿ ಚೆನ್ಸಾಳ ಕಥೆ. ಈಸ್ಟರ್ ಕಳೆದ ಮೇಲೆ ಮನೆಮನೆಗೂ ಪವಿತ್ರ ಜಲ ಚಿಮುಕಿಸುತ್ತ ಬಂದ ಪಾದ್ರಿ ಈ ವರ್ಷವೂ ಅವಳ ಬಾಗಿಲನ್ನು ಮಾತ್ರ ದಾಟಿ ಹೋದರು.

"ಕೊನೇಗಾದ್ರೂ ಇವ್ಳು ಸಾಯಲ್ಲ, ಅಳಲ್ಲ. ಹಾಯಾಗಿ ಮೀನು ಹುರೀತಾ ನಿಂತಿದಾಳೆ! ಇದೆಂಥ ಪಾಠ, ಟೀಚರ್?" ಎಂದರು ಪಕ್ಕದಲ್ಲಿದ್ದ ಫಾದರ್ ಅಲ್ವಿಜ್. ಅವರೂ ನಿವೃತ್ತ ಜಡ್ಜ್ ಸಾಹೇಬರೂ ಆಗಲೇ ಒತ್ತಿಯಾಗಿತ್ತು. ಚೆನ್ಸಾಳ ವಿಷಯ ಫಾದರ್‌ಗೆ ಗೊತ್ತು. ನಾನು ಪಾಠ ಹೇಳುವ ಶಾಲೆಯೂ ಅವರ ಕೈಯಲ್ಲೇ ಇದೆ. ಅವರು ನನ್ನನ್ನೇ ನೋಡುತ್ತಿದ್ದರು. ಒತ್ತಿಬಿಟ್ಟೆ.

ಚಿತ್ರ ಕೆಟ್ಟದ್ದೆಂದು ನಂಬಿ ಒತ್ತಿದ್ದರೆ ಈಗ ನಿದ್ದೆಯಾದರೂ ಬರುತ್ತಿತ್ತು. ಹಾಗೆ ಒಂದು ಕ್ಷಣವೂ ನನಗೆ ಅನ್ನಿಸಿರಲಿಲ್ಲ. ಬರೀ ಹೆದರಿಕೆ.

ಸಂಜೆ ಚೆನ್ಸಾ ಫೋನ್ ಮಾಡಿದಳು.

"ಅಕ್ಕಾ, ಆ ಸಿನಿಮಾ ಪಾಸಾಯ್ತಾ? ಇವರ ಕೈ ಹಿಡ್ಕೊಂಡು ಮೊದಲನೇ ಸಾಲಲ್ಲೇ ಕೂತು ನೋಡ್ತೀನಿ. ಊರೋರು ಬಾಯಿ ಬಡ್ಕೊಳ್ಳಲಿ!"

"ಇಲ್ಲ ಕಣೇ. ನಿಷೇಧ ಮಾಡಿದ್ರು."

ಅವಳು ನನ್ನನ್ನೇ ಸಮಾಧಾನ ಮಾಡಿದಳು.

"ಹೋಗ್ಲಿ ಬಿಡಕ್ಕಾ. ನೀನೊಬ್ಳು ಏನು ಮಾಡಕ್ಕಾಗತ್ತೆ? ನೀನಾದ್ರೂ ಒತ್ತಲಿಲ್ವಲ್ಲ, ನಂಗಷ್ಟು ಸಾಕು."

ನಾನು ಹೂಂ ಎಂದೆ. ಒಂದೇ ಸಲವಲ್ಲ, ಎರಡು ಸಲ ಹೂಂ ಎಂದೆ. ನಾಳೆ ಬೆಳಿಗ್ಗೆಯೇ ಅವಳಿಗೆ ನಿಜ ಹೇಳಿಬಿಡಬೇಕು.