ಅ ಮೊದಲು, ಸ ಕೊನೆಗೆ

ಅಕ್ಕಾ,

ನಿನ್ನ ಆಸ್ಪತ್ರೆಯ ವಾರ್ಡಿಗೆ ಮಾಸ್ಕು ಯಾಕೆ ಬಂದಿಲ್ಲ ಎಂದು ಕೇಳಿದ್ದೆಯಲ್ಲ, ಅದಕ್ಕೆ ನಾನೇ ಕಾರಣ. ಸಿಟ್ಟಾಗದೆ ಪೂರ್ತಿ ಓದು.

ಪರಿಹಾರ ಸಾಮಾನು ಹಂಚುವ ಸಮಿತಿಗಾಗಿ, ಜಗತ್ತಿಗೆ ಬರಬಹುದಾದ ಮಹಾವಿಪತ್ತುಗಳ ಪಟ್ಟಿಯನ್ನು ಟೈಪ್ ಮಾಡಲು ಕಚೇರಿಯಲ್ಲಿ ನನಗೆ ಕೊಟ್ಟರು. ಯಾವುದು ಮೊದಲು ಎಂದು ಯಾರೂ ಹೇಳಲಿಲ್ಲ. ನಾನು ನಿಘಂಟಿನ ಹಾಗೆ ಅಕ್ಷರ ಕ್ರಮದಲ್ಲಿ ಜೋಡಿಸಿದೆ. ಅಣುಯುದ್ಧ ಮೊದಲು, ಆಮೇಲೆ ಉಲ್ಕೆಯ ಅಪ್ಪಳಿಕೆ, ಭೂಮಿಯ ಬಿಸಿ. ಸಾಂಕ್ರಾಮಿಕ ರೋಗ ಕಟ್ಟಕಡೆಗೆ. ಸಮಿತಿಯವರು ಅದನ್ನೇ ಮಹತ್ವದ ಕ್ರಮ ಎಂದುಕೊಂಡು ಸಹಿ ಹಾಕಿದರು. ಉಲ್ಕೆಗೆ ಎರಡನೆಯ ಸ್ಥಾನ ಯಾಕೆ ಎಂದು ಒಬ್ಬರು ಅರ್ಧ ಗಂಟೆ ವಿವರಿಸಿದರು. ಕೇಳುತ್ತಾ ನನಗೂ ಹೌದೆನಿಸಿತು! ಈಗ ಸಾಮಾನೂ ಅದೇ ಕ್ರಮದಲ್ಲಿ ಹಂಚಿಕೆಯಾಗುತ್ತಿದೆ, ಮಾಸ್ಕಿನ ಸರದಿ ಕೊನೆಗೆ.

ತಡೆಯಲಾರದೆ ಸಾಹೇಬರಿಗೆ ನಿಜ ಹೇಳಿದೆ.

"ಅಲ್ಲಮ್ಮಾ, ಹಾಗಾದ್ರೆ ನೀನೇ ಹೇಳು, ಯಾವುದು ಮೊದಲು?" ಅಂದರು. ನಾನು ಪಟ್ಟಿಯನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದತೊಡಗಿದೆ.

"ನೋಡಿದ್ಯಾ? ಅಕ್ಷರ ಕ್ರಮಾನೇ ಇರ್ಲಿ, ಯಾರೂ ಜಗಳಕ್ಕೆ ಬರಲ್ಲ. ಕಷ್ಟದ ಪದ ಇದ್ರೆ ಮಾತ್ರ ಸುಲಭ ಮಾಡಿ, ಇನ್ನೊಂದ್ಸಲ ಟೈಪ್ ಮಾಡು."

ಸಾಂಕ್ರಾಮಿಕ ರೋಗಕ್ಕೆ ನಿಮ್ಮ ವಾರ್ಡಿನಲ್ಲಿ ಅಂಟುರೋಗ ಅನ್ನುತ್ತೀರಿ, ಅಲ್ಲವೇ? ನಿಘಂಟಿನಲ್ಲಿ ‘ಅಂ’ ಎಲ್ಲಕ್ಕಿಂತ ಮೊದಲು, ಹಾಗೆ ಟೈಪ್ ಮಾಡಿದರೆ ಅದು ಅಣುಯುದ್ಧಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಮೂರು ದಿನದಿಂದ ಆ ಒಂದು ಪದದ ಮುಂದೆ ಕೂತಿದ್ದೇನೆ. ಅದು ನಿಜಕ್ಕೂ ಎಲ್ಲಕ್ಕಿಂತ ದೊಡ್ಡದೋ, ಆ ವಾರ್ಡಿನಲ್ಲಿ ನೀನಿದ್ದೀಯ ಅಂತ ನನಗೆ ದೊಡ್ಡದೋ, ಒಂದೂ ತಿಳಿಯುತ್ತಿಲ್ಲ.

ಸೋಮವಾರ ಪಟ್ಟಿ ಕೊಡಬೇಕು, ಅದರೊಳಗೆ ಯಾವ ಪದ ಹಾಕಲಿ ಅಂತ ಉತ್ತರ ಬರೆ. ಅಲ್ಲಿಯವರೆಗೆ ಕಿಟಕಿ ತೆರೆದಿಡು, ರೋಗಿಗಳ ಮುಖದ ಹತ್ತಿರ ಬಗ್ಗಬೇಡ.

ಇಂತಿ,
ಇನ್ನೂ ಟೈಪ್ ಮಾಡದ ನಿನ್ನ ತಂಗಿ