ಮೊದಲ ಕಲಶದ ಸವಾಲು

೧. ಬರೆಯುವವನು: ಆದಿರಾಜಯ್ಯ, ವಯಸ್ಸು ಎಪ್ಪತ್ತನಾಲ್ಕು. ಹೊಳೆನರಸೀಪುರದ ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುತ್ತಿದ್ದವನು, ಈಗ ವಿಶ್ರಾಂತ.
೨. ವಾಸ: ಚನ್ನರಾಯಪಟ್ಟಣ, ಬಸದಿಯ ಬೀದಿ. ಜೊತೆಯಲ್ಲಿ ಧರ್ಮಪತ್ನಿ ಅನಂತಮ್ಮ.
೩. ವಿಷಯ: ಟಿ.ವಿ.ಯ ‘ಮಹಾಚಕ್ರ’ ಕಾರ್ಯಕ್ರಮದ ಹೆಸರಿನಲ್ಲಿ ಫೋನಿಗೆ ಬಂದಿರುವ ಆಟ.
೪. ಓದತಕ್ಕವರು: ಯಾರೂ ಇಲ್ಲ.

೩-೨-೨೦೨೫, ಸೋಮವಾರ. ಸಂಜೆ.

ಎಂದಿನಂತೆ ಹೊತ್ತು ಮುಳುಗುವ ಮುನ್ನ ಊಟ. ಪಾತ್ರೆ ತೊಳೆದಿಟ್ಟು ಅನಂತಮ್ಮ ಟಿ.ವಿ. ಹಾಕಿದಳು. ಏಳಕ್ಕೆ ಮಹಾಚಕ್ರ. ಕೆಂಪು ಕೋಟಿನ ನಿರೂಪಕ ದೊಡ್ಡ ಚಕ್ರ ತಿರುಗಿಸುತ್ತಾನೆ. ಯಾರೋ ಗೃಹಿಣಿಗೆ ಕುಕ್ಕರ್, ಯಾರೋ ರೈತನಿಗೆ ಸ್ಕೂಟರ್. ಚಿನ್ನದ ಕಲಶದ ಮೇಲೆ ಮುಳ್ಳು ನಿಂತರೆ ಮಹಾಬಹುಮಾನ.

ಅವಳು ಅದನ್ನು ನೋಡುತ್ತಿರುವಾಗ ನಾನು ಫೋನಿನಲ್ಲಿ ಅದನ್ನೇ ಆಡುತ್ತೇನೆ. ಅದೇ ಸಂಗೀತ, ಅದೇ ಕೆಂಪು ಕೋಟಿನ ಗೊಂಬೆ. ಚಕ್ರದ ಬದಲು ಮೂರು ಪಟ್ಟಿಗಳು ಉರುಳುತ್ತವೆ — ಕುಕ್ಕರ್, ಸ್ಕೂಟರ್, ಸೀರೆ, ಕಲಶ. ಮೂರರಲ್ಲೂ ಒಂದೇ ಚಿತ್ರ ನಿಂತರೆ ಗೆಲುವು. ಮೊದಲು ಹಣ ಕಟ್ಟಬೇಕು, ಕಟ್ಟುತ್ತಿದ್ದೇನೆ. ಮನೆಯ ಮುಂದಿನ ಅಂಗಡಿಯಿಂದ ಬರುವ ಬಾಡಿಗೆ ಇದಕ್ಕೆ ಹೋಗುತ್ತಿರುವ ಸಂಗತಿ ಅವಳಿಗೆ ತಿಳಿಸಿಲ್ಲ. ಇದು ಜೂಜಲ್ಲ, ಟಿ.ವಿ.ಯಲ್ಲಿ ಬರುವ ಗೌರವಸ್ಥ ಕಾರ್ಯಕ್ರಮದ ಒಂದು ಶಾಖೆ ಎಂಬುದು ನನ್ನ ತಿಳಿವಳಿಕೆ.

೯-೨-೨೦೨೫, ಭಾನುವಾರ.

ಬೆಳಿಗ್ಗೆ ಮೂರೂ ಪಟ್ಟಿಗಳಲ್ಲಿ ಕಲಶ ನಿಂತಿತು. ತೆರೆಯ ಮೇಲೆ ನಾಣ್ಯದ ಮಳೆ. ನನ್ನ ಹೆಸರು, ಅದರ ಕೆಳಗೆ ಮೊತ್ತ. ಅಷ್ಟು ದೊಡ್ಡ ಮೊತ್ತವನ್ನು ಬೇರೆಯವರ ಕ್ರಯಪತ್ರಗಳಲ್ಲಿ ಮಾತ್ರ ಬರೆದವನು ನಾನು.

ಮಧ್ಯಾಹ್ನ ಬಸದಿಯಲ್ಲಿ ಸಭೆ. ಫಾಲ್ಗುಣ ಹುಣ್ಣಿಮೆಯ ಅಭಿಷೇಕಕ್ಕೆ ಕಲಶಗಳ ಸವಾಲು. ಹೆಚ್ಚು ಕೂಗಿದವರಿಗೆ ಮೊದಲ ಕಲಶ. ಅವರು ಸ್ವಾಮಿಯ ಮೇಲೆ ಎರೆದ ನಂತರವೇ ಉಳಿದವರು. ನಮ್ಮ ಮನೆತನದಲ್ಲಿ ಮೊದಲ ಕಲಶ ಎತ್ತಿದವರಿಲ್ಲ. ಗುಂಪಿನ ಹಿಂದೆ ನಿಂತು ನೋಡಿದವರು ನಾವು. ಜವಳಿ ಅಂಗಡಿಯ ಕೀರ್ತಿರಾಜ್ ಸಮಿತಿಯ ಅಧ್ಯಕ್ಷರು, ಅವರೇ ಕೂಗುತ್ತಿದ್ದರು. ಬೆಳಿಗ್ಗೆ ಕಂಡ ಕಲಶಗಳು ಕಣ್ಣ ಮುಂದೆ ಇದ್ದವು. ಅದು ಅಪ್ಪಣೆ ಎನ್ನಿಸಿತು. ಕೈ ಎತ್ತಿದೆ. ಮತ್ತೆ ಎತ್ತಿದೆ.

“ಮೂರನೇ ಸಲ… ಆದಿರಾಜಯ್ಯನೋರಿಗೆ.”

ಎಲ್ಲರೂ ಹಿಂತಿರುಗಿ ನೋಡಿದರು. ದಾರಿಯಲ್ಲಿ ಅನಂತಮ್ಮ, ದುಡ್ಡು ಎಲ್ಲಿಂದ ತರುತ್ತೀರಿ ಎಂದು ಕೇಳಿದಳು. ಬರತಕ್ಕದ್ದಿದೆ ಎಂದೆ. ಯಾರಿಂದ? ಮಹಾಚಕ್ರದಿಂದ. ನಕ್ಕಳು. ತಮಾಷೆ ಎಂದುಕೊಂಡಳು.

೧೨-೨-೨೦೨೫, ಬುಧವಾರ.

ಫೋನಿನಲ್ಲಿ ಗೆದ್ದ ಹಣ ಪಡೆಯಲು ನೋಡಿದೆ. ಕೊಡುವುದಿಲ್ಲ. ಗೆದ್ದ ಮೊತ್ತವನ್ನು ಹಲವು ಪಟ್ಟು ಮರಳಿ ಆಡಿ ಮುಗಿಸಿದ ನಂತರವೇ ಬಿಡುಗಡೆಯಂತೆ. ಆದರೆ ಆಟದಲ್ಲಿಯೇ ದೂರು ಬರೆಯುವ ಒಂದು ಸ್ಥಳವಿದೆ. ಬರೆದೆ. ಅರಕಲಗೂಡಿನ ವಕೀಲರೊಬ್ಬರ ಹಳೆಯ ಅರ್ಜಿಗಳನ್ನು ನಕಲು ಮಾಡುತ್ತ ಕಲಿತ ಶೈಲಿ ನನ್ನದು; ಇಂದು ಅದು ಕೈ ಬಿಡಲಿಲ್ಲ. ‘ಸದರಿ ಬಹುಮಾನವು ಅರ್ಜಿದಾರನಿಗೆ ನ್ಯಾಯವಾಗಿ ಸಲ್ಲತಕ್ಕದ್ದಾಗಿದ್ದು, ದೇವತಾಕಾರ್ಯಕ್ಕೆ ವಿನಿಯೋಗವಾಗಲಿರುವುದರಿಂದ, ಕೃಪೆದೋರಿ ತ್ವರಿತವಾಗಿ…’

ಉತ್ತರ ಕೂಡಲೇ ಬಂತು. ಅದೂ ಕನ್ನಡದಲ್ಲಿ. ‘ಪ್ರಿಯ ಗ್ರಾಹಕರೇ, ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ಪರಿಶೀಲನೆಯಲ್ಲಿದೆ.’

ತಾಲ್ಲೂಕು ಕಚೇರಿಯಲ್ಲಿ ಈ ಒಂದು ವಾಕ್ಯಕ್ಕಾಗಿ ಜನ ಬೇಸಾಯ ಬಿಟ್ಟು ಅಲೆಯುತ್ತಿದ್ದರು. ಪರಿಶೀಲನೆಯಲ್ಲಿದೆ ಎಂದರೆ ಕಡತಕ್ಕೆ ಜೀವವಿದೆ ಎಂದು ಅರ್ಥ. ಅಲ್ಲಿಯವರೆಗೆ ಆಟ ನಿಲ್ಲಿಸಕೂಡದು. ವಾದಿ ಗೈರುಹಾಜರಾದರೆ ದಾವೆ ವಜಾ ಆಗುತ್ತದೆ.

೨೭-೨-೨೦೨೫, ಗುರುವಾರ.

ಬರೆದು ಬಹಳ ದಿನವಾಯಿತು. ಕೈಗೆ ಬಿಡುವಿಲ್ಲ. ಪ್ರತಿದಿನ ಹಾಜರಾತಿ, ಪ್ರತಿದಿನ ಮನವಿ, ಪ್ರತಿದಿನ ಅದೇ ಉತ್ತರ. ಆಡಿದಷ್ಟೂ ತೆರೆಯ ಮೇಲಿನ ಮೊತ್ತ ಇಳಿಯುತ್ತಿದೆ. ತಡೆಯಲು ಮತ್ತೆ ಕಟ್ಟುತ್ತೇನೆ.

ಖಾತೆಯ ಅರ್ಜಿ ಬರೆಸಲು ಚಿಕ್ಕಯ್ಯ ಬಂದಿದ್ದ. ಹೊಳೆನರಸೀಪುರದ ದಿನಗಳಿಂದ ನನ್ನಲ್ಲೇ ಬರೆಸುವವನು, ಬೇರೆಯವರ ಅಕ್ಷರ ನಂಬುವುದಿಲ್ಲ. ಮಡಿಲಲ್ಲಿ ಫೋನಿನ ಪಟ್ಟಿಗಳು ಉರುಳುತ್ತಿದ್ದವು. ನೋಡಿಬಿಟ್ಟ.

“ಏನ್ಸಾ, ನೀವೂ ಇದ್ಕೆ ಬಿದ್ರಾ? ರಾಮನಾಥಪುರದಲ್ಲಿ ನಮ್ಮಳಿಯ ಒಗೆಸೊಪ್ಪು ಮಾರಿದ್ ದುಡ್ನೆಲ್ಲ ಇದ್ರಲ್ಲೇ ಉಜ್ಜಿ ಉಜ್ಜಿ ಕಳ್ದ ಕಣ್ಸಾ.”

ನನ್ನದು ಹಾಗಲ್ಲ, ಮನವಿಯ ಹಂತದಲ್ಲಿದೆ ಎಂದು ವಿವರಿಸಿದೆ. ತಲೆಯಾಡಿಸಿದ.

“ಅಂಗಾರೆ ಸರಿ ಬುಡಿ ಸಾ. ನೀವ್ ಬರ್ದ್ ಮ್ಯಾಲೆ ಆಗ್ದೆ ಇದ್ದಾತಾ.”

ವಾದ ಮಾಡಿದ್ದರೆ ಚೆನ್ನಾಗಿತ್ತು. ಒಪ್ಪಿಕೊಂಡು ಹೋದ. ಆ ಒಪ್ಪಿಗೆ ಸಂಜೆಯವರೆಗೂ ಚುಚ್ಚಿತು.

೫-೩-೨೦೨೫, ಬುಧವಾರ. ಬೆಳಿಗ್ಗೆ.

ನಿನ್ನೆ ಗುರುತಿನ ದಾಖಲೆ ಕಳಿಸಿ ಎಂಬ ಸೂಚನೆ. ಹರ್ಷವಾಯಿತು — ಕಡತ ಮುಂದಕ್ಕೆ ಸರಿದಿದೆ. ಆಧಾರ್ ಕಾರ್ಡಿನ ಫೋಟೋ ಕಳಿಸಿದೆ. ದೃಢಪಟ್ಟಿದೆ ಎಂದು ಬಂತು. ಇಂದು ಕಳಿಸಿದ್ದನ್ನು ತೆರೆದು ನೋಡಿದರೆ ಅದು ಆಧಾರ್ ಅಲ್ಲ. ಹಾಸನದಲ್ಲಿ ತೆಗೆಸಿದ ಅನಂತಮ್ಮನ ಮಂಡಿಯ ಎಕ್ಸ್‌ರೇ.

‘ತಮ್ಮ ಗುರುತು ದೃಢಪಟ್ಟಿದೆ. ಅಭಿನಂದನೆಗಳು. ತಮ್ಮ ಮನವಿ ಪರಿಶೀಲನೆಯಲ್ಲಿದೆ.’

ಬಹಳ ಹೊತ್ತು ನೋಡಿದೆ. ಪರೀಕ್ಷಾರ್ಥ ಒಂದು ಚುಕ್ಕೆ ಮಾತ್ರ ಬರೆದು ಕಳಿಸಿದೆ. ಬರೀ ಚುಕ್ಕೆ. ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ.

ಯಾರೂ ಇಲ್ಲ ಅಲ್ಲಿ. ಅಷ್ಟು ದಿನ ತೂಕಮಾಡಿ ಕಟ್ಟಿದ ವಾಕ್ಯಗಳನ್ನು ಒಬ್ಬರೂ ಓದಿಲ್ಲ. ಗುಮಾಸ್ತನಿಲ್ಲ, ಮೇಜಿಲ್ಲ, ಕಡತವಿಲ್ಲ. ಬಹುಮಾನವೂ ಇಲ್ಲ.

ಅದೇ ದಿನ. ಸಂಜೆ.

ಇಷ್ಟು ತಿಳಿದ ಮೇಲೂ ಮಧ್ಯಾಹ್ನ ಆಡಿದೆ. ಇದನ್ನು ಬರೆಯದೆ ಬಿಡುವ ಮನಸ್ಸಿತ್ತು.

೯-೩-೨೦೨೫, ಭಾನುವಾರ.

ಕೀರ್ತಿರಾಜ್ ಆಮಂತ್ರಣ ಪತ್ರಿಕೆ ಹಿಡಿದು ಬಂದರು. ‘ಪ್ರಥಮ ಕಲಶ: ಶ್ರೀ ಆದಿರಾಜಯ್ಯ ದಂಪತಿಗಳು.’ ದಪ್ಪ ಅಕ್ಷರ. ಹಣ ಕೇಳಲು ಬಂದಿದ್ದಾರೆಂದು ನಾನೇ ಬಾಯಿ ತೆರೆದೆ. ಕೇಳಿದರೆ ಎಲ್ಲವನ್ನೂ ಹೇಳಿಬಿಡುವ ನಿರ್ಧಾರವಿತ್ತು. ಅವರು ಕೈ ಅಡ್ಡ ಹಿಡಿದರು.

“ದುಡ್ಡಿಗೇನ್ ಅವಸರ ಅಯ್ಯಾ. ನಿಮ್ಮ ಮಾತು ಅಂದ್ರೆ ರಿಜಿಸ್ಟ್ರಾದ ಪತ್ರ ಇದ್ದಂಗೆ. ಹುಣ್ಣಿಮೆ ಕಳೀಲಿ, ನಿಧಾನಕ್ಕೆ ಕೊಡಿ.”

ಒಳ್ಳೆಯದು ಎಂದೆ.

ಕೂಗಿದ ಹಣ ಸಲ್ಲಿಸದೆ ಕಲಶ ಮುಟ್ಟುವುದು ನಮ್ಮಲ್ಲಿ ಇಲ್ಲ. ದೇವರದ್ದನ್ನು ಮೈಮೇಲೆ ಇಟ್ಟುಕೊಂಡಂತೆ. ಅವರು ಒತ್ತಾಯ ಮಾಡಿದ್ದರೆ ಬಿಡುಗಡೆಯಿತ್ತು. ಮರ್ಯಾದೆ ಕೊಟ್ಟು ಬಾಗಿಲು ಮುಚ್ಚಿ ಹೋದರು.

ಅನಂತಮ್ಮ ಮಜ್ಜಿಗೆ ತಂದಿಟ್ಟು ಎದುರಿಗೆ ಕುಳಿತಳು.

“ಡಾಕ್ಟ್ರಿಗೆ ತೋರಿಸೋಣ ಅಂತ ಫೋನ್ ತೆಗೆದೆ. ನನ್ನ ಮಂಡಿ ಫೋಟೋನ ಯಾರಿಗ್ರೀ ಕಳಿಸಿದ್ರಿ?”

ಮಜ್ಜಿಗೆಯ ಲೋಟ ಎತ್ತಿಕೊಂಡೆ.

“ನನ್ನ ಮಂಡಿ ನೋಡಿ ನಿಮಗೆ ದುಡ್ಡು ಕೊಡ್ತಾರಂತಾ?”

ಹೇಳಿದೆ. ಬಾಡಿಗೆ, ಮೊತ್ತ, ಮನವಿ, ಚುಕ್ಕೆ. ಆ ಮೇಲೂ ಆಡಿದ್ದು. ಅಳುತ್ತಾಳೆಂದುಕೊಂಡಿದ್ದೆ. ಅಳಲಿಲ್ಲ. ಹೋಗಿ ಕೀರ್ತಿರಾಜರಿಗೆ ಹೇಳಿಬಿಡಿ ಎಂದಳು. ಆಗದು ಎಂದೆ.

“ಊರೋರ ಕಷ್ಟನೆಲ್ಲ ಬರೆದ್ರಿ. ನಿಮ್ದೊಂದು ಬರೆಯೋಕಾಗಲ್ವಾ?”

೧೩-೩-೨೦೨೫, ಗುರುವಾರ.

ಬೆಳಗಿನಿಂದ ಸಮಿತಿಗೆ ಪತ್ರ ಬರೆಯುವುದು, ಹರಿಯುವುದು. ‘ಅರ್ಜಿದಾರನು ವಂಚನೆಗೆ ಒಳಗಾಗಿ’ — ಹರಿದೆ. ತಿಳಿದೂ ಆಡಿದವನು ವಂಚನೆಗೆ ಒಳಗಾದವನಲ್ಲ. ‘ಅನಾರೋಗ್ಯದ ನಿಮಿತ್ತ’ — ಹರಿದೆ. ಪತ್ರ ಕೊಟ್ಟು ಬರುವವಳು ಅನಂತಮ್ಮ, ಸುಳ್ಳನ್ನು ಅವಳು ಒಯ್ಯುವುದಿಲ್ಲ. ಪರರ ಪರವಾಗಿ ಎಷ್ಟೋ ಸುಳ್ಳುಗಳನ್ನು ಅಂದವಾಗಿ ಬರೆದ ಕೈ ಇದು. ‘ನಾನು’ ಎಂಬಲ್ಲಿ ನಿಲ್ಲುತ್ತದೆ.

ಮಧ್ಯೆ ಒಮ್ಮೆ ಫೋನು ತೆಗೆದೆ. ಎರಡು ಕಲಶ ನಿಂತವು. ಮೂರನೆಯದು ಅರ್ಧ ಬಂದು ಜಾರಿತು. ಎದೆ ಹೊಡೆದುಕೊಂಡಿತು. ಸ್ವಾಮಿಯ ಎದುರು ನಿಂತಾಗ ಹಾಗೆ ಹೊಡೆದುಕೊಂಡದ್ದಿಲ್ಲ.

ಬೀದಿಗೆ ಮಾವಿನ ತೋರಣ ಕಟ್ಟುತ್ತಿದ್ದಾರೆ. ನಮ್ಮ ಬಾಗಿಲಿಗೆ ಸಮಿತಿಯವರೇ ಬಂದು ಕಟ್ಟಿದರು. ಮೊದಲ ಕಲಶದ ಮನೆಯಂತೆ.

೧೪-೩-೨೦೨೫, ಶುಕ್ರವಾರ, ಹುಣ್ಣಿಮೆ. ಬೆಳಿಗ್ಗೆ ಆರು.

ಅನಂತಮ್ಮ ಮಿಂದು ಮಡಿಯುಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಬಸದಿಯಲ್ಲಿ ಮೈಕು ಪರೀಕ್ಷೆ ಮಾಡುತ್ತಿದ್ದಾರೆ. ಬರೆದದ್ದನ್ನು ಓದಿಸಿಕೊಂಡಳು. ಇಷ್ಟು ಸಾಕು, ಉದ್ದ ಮಾಡಬೇಡಿ ಎಂದಳು. ನಕಲು ಇಲ್ಲಿ ಇಟ್ಟುಕೊಳ್ಳುತ್ತಿದ್ದೇನೆ:

ಅಧ್ಯಕ್ಷರು, ಬಸದಿ ಸಮಿತಿ, ಇವರ ಸನ್ನಿಧಿಗೆ.

ಮಾನ್ಯರೇ, ನಾನು ಕೂಗಿದ ಮೊದಲ ಕಲಶವನ್ನು ನಾನು ಎತ್ತುವುದಿಲ್ಲ. ಹಣ ನನ್ನಲ್ಲಿ ಇಲ್ಲ; ಕೂಗಿದ ದಿನವೂ ಇರಲಿಲ್ಲ. ಫೋನಿನ ಆಟದಲ್ಲಿ ಕಂಡ ಅಂಕಿಯನ್ನು ಹಣವೆಂದು ನಂಬಿದೆ. ನಂಬಿಕೆ ಹೋದ ಮೇಲೂ ಆಡಿದ್ದೇನೆ, ನಿನ್ನೆಯೂ ಆಡಿದ್ದೇನೆ. ಕಲಶವು ನನಗೆ ಮುಂಚಿನ ಸವಾಲು ಕೂಗಿದವರಿಗೆ ಸಲ್ಲಲಿ. ಫೋನನ್ನು ತಮ್ಮ ವಶದಲ್ಲಿ ಇಟ್ಟುಕೊಳ್ಳಬೇಕು. ನಾನು ಬಂದು ಕೇಳಿದರೂ —

ಇಲ್ಲಿಗೆ ನಕಲು ಮಾಡುತ್ತಿರುವಾಗ ಅವಳ ಕೈಯಲ್ಲಿ ಫೋನು ಬೆಳಗಿತು. ಆ ಸಂಗೀತ. ಹುಣ್ಣಿಮೆಯ ವಿಶೇಷ, ಉಚಿತ ಸುತ್ತುಗಳು, ಇಂದು ಮಾತ್ರ. ಒಂದು ನಿಮಿಷ ಕೊಡು ಎಂದೆ. ಕೈ ಆಗಲೇ ಚಾಚಿತ್ತು.

“ಚಪ್ಪಲಿ ಮೆಟ್ಟಾಯ್ತು ಕಣ್ರೀ. ರುಜು ಹಾಕಿ.”

ಇತಿ,
ಆದಿರಾಜಯ್ಯ
(ಕೈಬರಹ ಖುದ್ದು)

ಲಗತ್ತು: ಫೋನು ಒಂದು. ಚಾಲ್ತಿಯಲ್ಲಿದೆ.