ಹರ್ಷಿಣಿಯ ವರ್ಣ, ಅಪ್ಪನ ತಾಳ

ಜಲಜಾ ಮಾರಾಯ್ತಿ,

ಇವತ್ತು ನಿನ್ನ ಗಂಡ, ಅಂದರೆ ನಾನು, ತಾಳ ಹಾಕಿದ ರಭಸಕ್ಕೆ ಚೆನ್ನೈನ ಈ ನುಂಗಂಬಾಕ್ಕಂನ ಟ್ರಾಫಿಕ್ಕೆಲ್ಲ ನಿಂತು ತಲೆದೂಗಿತು! ಹರ್ಷಿಣಿ ಪಿಟೀಲಿನಲ್ಲಿ ಇಡೀ ವರ್ಣ ಒಂದೂ ತಪ್ಪಿಲ್ಲದೆ ನುಡಿಸಿದಳು. ಈ ಸಲವೂ ತಪ್ಪಿದರೆ ಕ್ಲಾಸು ಬಿಡಿಸಿ ಅಂದಿದ್ದ ಟೀಚರೇ ನವರಾತ್ರಿಗೆ ಅವಳನ್ನು ನುಡಿಸಲು ಕರೆದಿದ್ದಾರೆ. ಅಬ್ಬ, ಬದುಕಿದೆವು.

ನಿನ್ನ ಗಂಡ ಈಗ ಹೋಟೆಲಿಗೆ ಹೊರಟ, ಸಂಜೆ ಗಲ್ಲಾದಲ್ಲಿ ಕೂರಬೇಕು. ದೋಸೆಹಿಟ್ಟು ಫ್ರಿಡ್ಜಿನಲ್ಲಿದೆ, ಮಗು ಎಷ್ಟು ಕೇಳಿದರೂ ಎರೆದು ಕೊಡು. ಇವತ್ತು ಅಭ್ಯಾಸ ಅಂತ ಕಾಡಬೇಡ. ಪಿಟೀಲಿನ ಪೆಟ್ಟಿಗೆ ಮೇಲೆ ಒಗೆದ ಬಟ್ಟೆ ರಾಶಿ ಹಾಕಬೇಡ, ಸಾವಿರ ಸಲ ಹೇಳಿಯಾಯಿತು.

ಹರ್ಷಿಣಿಗೆ ಕನ್ನಡ ಓದಲು ಬಾರದು ಅನ್ನುವ ಧೈರ್ಯದಲ್ಲಿ ಇಷ್ಟೆಲ್ಲ ಬರೆದೆ. ಬರೆಯುತ್ತಾ ಗಟ್ಟಿಯಾಗಿ ಓದಿಕೊಳ್ಳುವ ನನ್ನ ಚಾಳಿಯೇ ಕೈಕೊಟ್ಟಿತು. "ಅಪ್ಪಾ, ಪೊಯ್ ಸೊಲ್ಲಾದೀಂಗ!" ಅಂತ ಸ್ಕೂಟರ್ ಕೀ ಹಿಡಿದುಕೊಂಡು ನಿಂತಿದ್ದಾಳೆ. ಸುಳ್ಳು ಹೇಳಬಾರದಂತೆ, ನಿಜ ಬರೆಯುವವರೆಗೆ ಕೀ ಕೊಡುವುದಿಲ್ಲವಂತೆ.

ಸರಿ, ನಿಜ ಇಷ್ಟು. ನನ್ನ ತಾಳಕ್ಕೆ ಅವಳು ಎರಡು ಸಲ ಎಡವಿದ ಮೇಲೆ ಟೀಚರ್ ನನ್ನನ್ನು ಹೊರಗೆ ಕಳಿಸಿದರು. ಮೂರನೇ ಸಲ ಒಬ್ಬಳೇ, ಒಂದೂ ತಪ್ಪಿಲ್ಲದೆ ನುಡಿಸಿದಳು. ನಾನು ಮೆಟ್ಟಿಲ ಮೇಲೆ ಕೂತು ಕೇಳಿದೆ. ಆರು ತಿಂಗಳಿಂದ ತಪ್ಪುತ್ತಿದ್ದದ್ದು ಮಗುವಲ್ಲ ಜಲಜಾ, ಮನೆಯಲ್ಲಿ ನಾನು ಹಾಕಿಕೊಡುತ್ತಿದ್ದ ತಾಳ.